ಸ್ಲೋ ಕುಕ್ಕರ್ ಮಾಡದ ಮೂರು ಕೆಲಸ

ಬೆಳಿಗ್ಗೆ ಎಲ್ಲವನ್ನೂ ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿ, ಗುಂಡಿ ತಿರುಗಿಸಿ ಹೊರಟರೆ ಸಂಜೆಗೆ ಊಟ ಸಿದ್ಧ. ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆ ಮನೆಮನೆಗೆ ಬಂದದ್ದೇ ಈ ಭರವಸೆಯ ಮೇಲೆ. ಮಾತು ಸುಳ್ಳಲ್ಲ, ಸಂಜೆಗೆ ಊಟ ಸಿದ್ಧವಾಗಿಯೇ ಇರುತ್ತದೆ. ಆದರೆ ಬೀಫ್ ಚಿಲಿಯನ್ನು, ಅಂದರೆ ಮೆಣಸಿನಕಾಯಿ ರಸದಲ್ಲಿ ಬೇಯಿಸುವ ದನದ ಮಾಂಸದ ಅಡುಗೆಯನ್ನು, ಹೀಗೆ ಮಾಡಿದವರಿಗೆ ಸಿಗುವುದು ಹೆಚ್ಚಾಗಿ ಒಂದೇ ಫಲ. ಮಾಂಸ ಮೆತ್ತಗಾಗಿರುತ್ತದೆ, ಆದರೆ ಬಣ್ಣ ಬೂದು. ರಸ ನೀರುನೀರು. ಎಂಟು ಗಂಟೆ ಬೆಂದ ಮೇಲೂ ಈರುಳ್ಳಿಯ ಹಸಿ ವಾಸನೆ ಹೋಗಿರುವುದಿಲ್ಲ. ಖಾರ ಇದೆ, ರುಚಿ ಇಲ್ಲ. ಮಸಾಲೆ ಸಾಲಲಿಲ್ಲ ಎಂದುಕೊಂಡು ಮುಂದಿನ ಸಲ ಇನ್ನೆರಡು ಚಮಚ ಪುಡಿ ಹೆಚ್ಚಿಗೆ ಹಾಕುತ್ತಾರೆ, ಆಗಲೂ ಅದೇ ಕಥೆ. ತಪ್ಪಿರುವುದು ಮಸಾಲೆಯಲ್ಲಲ್ಲ.

ಸ್ಲೋ ಕುಕ್ಕರ್‌ಗೆ ಒಂದು ಕೆಲಸ ಬಹಳ ಚೆನ್ನಾಗಿ ಬರುತ್ತದೆ: ಗಡಸು ಮಾಂಸವನ್ನು ಕುದಿಬಿಂದುವಿಗಿಂತ ತುಸು ಕೆಳಗಿನ ಬಿಸಿಯಲ್ಲಿ ಗಂಟೆಗಟ್ಟಲೆ ಹಿಡಿದಿಟ್ಟು ಮೆದು ಮಾಡುವುದು. ಮೂರು ಕೆಲಸ ಬರುವುದಿಲ್ಲ. ಕಂದಾಗುವಂತೆ ಹುರಿಯಲು ಬರುವುದಿಲ್ಲ, ನೀರು ಇಂಗಿಸಲು ಬರುವುದಿಲ್ಲ, ಕೊತಕೊತ ಕುದಿಸಲು ಬರುವುದಿಲ್ಲ. ಈ ಮೂರನ್ನೂ ಅದರ ಹೊರಗೆ ನಾವೇ ಮಾಡಿಕೊಂಡರೆ, ನಾಲ್ಕನೆಯದನ್ನು ನಿಶ್ಚಿಂತೆಯಿಂದ ಅದಕ್ಕೆ ಬಿಡಬಹುದು. ಬೆಳಗಿನ ಮುಕ್ಕಾಲು ಗಂಟೆಯ ಕೆಲಸ, ಕೊನೆಯಲ್ಲಿ ಅರ್ಧ ಗಂಟೆಯ ಗಮನ. ಇಷ್ಟು ಮಾಡಲು ಸಮಯವಿಲ್ಲದ ದಿನ ಚಿಲಿಗೆ ಕೈಹಾಕದಿರುವುದೇ ಒಳ್ಳೆಯದು ಎನ್ನುವಷ್ಟರ ಮಟ್ಟಿಗೆ ನನಗೆ ಇದು ಖಚಿತ.

ಇಲ್ಲಿ ಚಿಲಿ ಎಂದರೆ ಬರೀ ಮೆಣಸಿನಕಾಯಿಯಲ್ಲ, ಅದರ ಹೆಸರು ಹೊತ್ತ ಅಡುಗೆ. ಪೂರ್ತಿ ಹೆಸರು ಚಿಲಿ ಕಾನ್ ಕಾರ್ನೆ, ಸ್ಪ್ಯಾನಿಷ್‌ನಲ್ಲಿ ಮಾಂಸ ಹಾಕಿದ ಮೆಣಸಿನಕಾಯಿ ಎಂದರ್ಥ. ಹೆಸರಿನಲ್ಲಿ ಮೆಣಸಿನಕಾಯಿ ಮೊದಲು, ಮಾಂಸ ಆಮೇಲೆ; ಅಡುಗೆಯ ಗುಟ್ಟೂ ಅದೇ. ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾಗುತ್ತಲೇ ಚೌಕಗಳಲ್ಲಿ ಮೇಜು ಹಾಕಿ, ದೀಪ ಹಚ್ಚಿ ಇದನ್ನು ಮಾರುತ್ತಿದ್ದರು. ಅವರನ್ನು ಜನ ಚಿಲಿ ಕ್ವೀನ್ಸ್ ಎಂದೇ ಕರೆದರು. 1893ರ ಶಿಕಾಗೊ ವಿಶ್ವಮೇಳದಲ್ಲಿ ಸ್ಯಾನ್ ಆಂಟೋನಿಯೊ ಚಿಲಿಯ ಮಳಿಗೆಯೇ ಇತ್ತು. ಅದೇ ದಶಕದಲ್ಲಿ ಟೆಕ್ಸಸ್‌ನ ನ್ಯೂ ಬ್ರಾನ್‌ಫೆಲ್ಸ್‌ನಲ್ಲಿದ್ದ ಜರ್ಮನ್ ವಲಸೆಗಾರ ವಿಲಿಯಂ ಗೆಬ್‌ಹಾರ್ಟ್ ಒಣಮೆಣಸಿನಕಾಯಿಯನ್ನು ಪುಡಿ ಮಾಡಿ ಸೀಸೆಗೆ ತುಂಬಿ ಮಾರತೊಡಗಿದ. ಚಿಲಿ ಟೆಕ್ಸಸ್ ದಾಟಿ ಹೋಗಲು ಆ ಪುಡಿಯ ಪಾಲು ದೊಡ್ಡದು. 1977ರಲ್ಲಿ ಟೆಕ್ಸಸ್ ಶಾಸನಸಭೆ ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಸಾರಿತು. ಅಲ್ಲಿನ ಹಟವಾದಿಗಳ ಪ್ರಕಾರ ಚಿಲಿಗೆ ಕಾಳು ಹಾಕುವಂತಿಲ್ಲ, ಟೊಮೇಟೊವೂ ಬೇಡ. ಟೆಕ್ಸಸ್‌ನ ಆಚೆ ಎರಡೂ ಬಂದು ಸೇರಿವೆ. ಹೊಟ್ಟೆ ತುಂಬುವ ಒಂದೇ ಪಾತ್ರೆಯ ಊಟ ಬೇಕೆಂದಾಗ ಕಾಳು ಇರಲಿ ಎಂಬುದೇ ನನ್ನ ಪಕ್ಷ.

ಪಾತ್ರೆಯ ಹಿಂದೆಯೂ ಒಂದು ಕಥೆ ಇದೆ. ಲಿಥುವೇನಿಯಾದ ಯಹೂದಿ ಮನೆಗಳಲ್ಲಿ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಒಲೆ ಹಚ್ಚುವಂತಿಲ್ಲದ ಕಾರಣ, ಮಾಂಸ ಮತ್ತು ಕಾಳಿನ ಚೋಲೆಂಟ್ ಎಂಬ ಅಡುಗೆಯನ್ನು ಹಿಂದಿನ ಸಂಜೆಯೇ ಬೇಕರಿಯವನ ಒಲೆಯಲ್ಲಿ ಇಟ್ಟು ಬರುತ್ತಿದ್ದರು. ಆರುತ್ತಿರುವ ಒಲೆಯ ಶಾಖದಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿಯಿಂದ ಇದನ್ನು ಕೇಳಿದ್ದ ಶಿಕಾಗೊದ ಸಂಶೋಧಕ ಇರ್ವಿಂಗ್ ನ್ಯಾಕ್ಸನ್ ವಿದ್ಯುತ್ತಿನಿಂದ ಹಾಗೆಯೇ ಬೇಯಿಸುವ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಕಂಪನಿ ಅವನ ಸಂಸ್ಥೆಯನ್ನು ಕೊಂಡುಕೊಂಡಿತು. ಮರುವರ್ಷ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಪಾತ್ರೆ ಅಂಗಡಿಗೆ ಬಂತು. ಆರುತ್ತಿರುವ ಒಲೆಯ ಶಾಖ ಎಂಬ ಮಾತು ನೆನಪಿರಲಿ. ಹುರಿಯುವ ಶಾಖ ಅದಲ್ಲ.

ಈಗ ಲೆಕ್ಕ. ಸುಮಾರು 6 ಲೀಟರ್ ಹಿಡಿಯುವ ಕುಕ್ಕರ್, ಎಂಟು ಜನರ ಊಟ. ದನದ ಭುಜದ ಭಾಗದ ಮಾಂಸ, ಅಂದರೆ ಚಕ್, 1.5 ಕಿಲೊ. ಒಣಮೆಣಸಿನಕಾಯಿಯಲ್ಲಿ ಆಂಚೊ 5, ಗ್ವಾಹೀಯೊ 4, ಖಾರಕ್ಕೆ ಆರ್ಬೊಲ್ 2. ಈರುಳ್ಳಿ 300 ಗ್ರಾಂ, ಬೆಳ್ಳುಳ್ಳಿ 8 ಎಸಳು. ಟೊಮೇಟೊ ಪೇಸ್ಟ್ 2 ದೊಡ್ಡ ಚಮಚ, ಜಜ್ಜಿದ ಟೊಮೇಟೊ 400 ಗ್ರಾಂನ ಒಂದು ಡಬ್ಬಿ. ಜೀರಿಗೆ 1 ದೊಡ್ಡ ಚಮಚ, ಮೆಕ್ಸಿಕನ್ ಓರೆಗಾನೊ ಎಂಬ ಪರಿಮಳದ ಸೊಪ್ಪು 2 ಸಣ್ಣ ಚಮಚ. ಉಪ್ಪಿಲ್ಲದ ಬೀಫ್ ಸ್ಟಾಕ್, ಅಂದರೆ ದನದ ಮೂಳೆ ಮಾಂಸ ಕುದಿಸಿ ಸೋಸಿದ ರಸ, 350 ಮಿಲಿ, ಅದಕ್ಕಿಂತ ಹೆಚ್ಚು ಬೇಡ. ಬೆಂದ ರಾಜ್ಮಾ 500 ಗ್ರಾಂ. ಡಬ್ಬಿಯದಾದರೆ 400 ಗ್ರಾಂನ ಎರಡು ಡಬ್ಬಿಗಳ ನೀರು ಬಸಿದರೆ ಹೆಚ್ಚುಕಡಿಮೆ ಇಷ್ಟೇ ಸಿಗುತ್ತದೆ. ಉಪ್ಪು ಆರಂಭಕ್ಕೆ 15 ಗ್ರಾಂ. ಕೊನೆಗೆ ಬೇಕಾಗುವುದು ಮಾಸಾ ಹರೀನಾ ಎಂಬ ಮೆಕ್ಕೆಜೋಳದ ಹಿಟ್ಟು 2 ದೊಡ್ಡ ಚಮಚ, ವಿನೆಗರ್ ಅಥವಾ ನಿಂಬೆರಸ 1 ದೊಡ್ಡ ಚಮಚ. ಇಷ್ಟೂ ಸೇರಿ ಪಾತ್ರೆಯ ಅರ್ಧಕ್ಕಿಂತ ತುಸು ಮೇಲೆ ಬರುತ್ತದೆ, ಬರಬೇಕಾದದ್ದೂ ಅಷ್ಟೇ. ಅರ್ಧಕ್ಕಿಂತ ಕಡಿಮೆಯಾದರೆ ಅಂಚು ಸೀಯುತ್ತದೆ, ಮುಕ್ಕಾಲಿಗಿಂತ ಹೆಚ್ಚಾದರೆ ನಡುಭಾಗ ಬಿಸಿಯಾಗಲು ತಡವಾಗುತ್ತದೆ.

ಮಾಂಸದ ಆಯ್ಕೆಯಲ್ಲಿ ಜನ ತಪ್ಪುವುದು ಒಳ್ಳೆಯ ಉದ್ದೇಶದಿಂದಲೇ. ಕೊಬ್ಬಿಲ್ಲದ, ನರವಿಲ್ಲದ, ನೋಡಲು ಚೊಕ್ಕಟವಾದ ತೊಡೆಯ ಮಾಂಸ ತರುತ್ತಾರೆ. ಎಂಟು ಗಂಟೆಯ ನಂತರ ಅದು ನಾರುನಾರಾಗಿ, ರಸದಲ್ಲೇ ಮುಳುಗಿದ್ದರೂ ಬಾಯಿಗೆ ಒಣಗಿದಂತಿರುತ್ತದೆ. ಒಳಗೆ ನಡೆಯುವುದು ಇಷ್ಟು. ಸುಮಾರು 60 ಡಿಗ್ರಿ ದಾಟುತ್ತಿದ್ದಂತೆ ಮಾಂಸದ ಎಳೆಗಳು ಕುಗ್ಗಿ ತಮ್ಮಲ್ಲಿರುವ ನೀರನ್ನು ಹಿಂಡಿ ಹೊರಹಾಕುತ್ತವೆ. ಇದು ಯಾವ ಮಾಂಸಕ್ಕೂ ತಪ್ಪದು, ಎಷ್ಟೇ ರಸದಲ್ಲಿ ಮುಳುಗಿಸಿದರೂ ತಪ್ಪದು. ಆದರೆ ಹೆಚ್ಚು ದುಡಿದ ಭುಜದಂಥ ಭಾಗದಲ್ಲಿ ಎಳೆಗಳ ನಡುವೆ ಕೊಲಾಜನ್ ಎಂಬ ಗಡಸು ಪ್ರೋಟೀನ್ ದಂಡಿಯಾಗಿರುತ್ತದೆ. ಅದು 70 ಡಿಗ್ರಿ ದಾಟಿದ ಮೇಲೆ ಗಂಟೆಗಳ ಕಾಲ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಕಳೆದುಹೋದ ನೀರಿನ ಜಾಗದಲ್ಲಿ ನಾಲಿಗೆಗೆ ಸಿಗುವ ಮೃದುತನ ಈ ಜೆಲಟಿನ್ನಿನದು ಮತ್ತು ಕರಗಿದ ಕೊಬ್ಬಿನದು. ತುಟಿಗೆ ತುಸು ಅಂಟುವ ರಸದ ಮೈಯೂ ಅದರಿಂದಲೇ. ಕೊಲಾಜನ್ ಇಲ್ಲದ ಮಾಂಸಕ್ಕೆ ನೀರು ಹೋದದ್ದೇ ಬಂತು, ಬದಲಿಗೆ ಬರಲು ಏನೂ ಇಲ್ಲ. ಆದ್ದರಿಂದ ಒಳಗೆ ಬಿಳಿ ಗೆರೆಗಳು ಹರಡಿರುವ ಚಕ್ ಕೇಳಿ. ಹೊರಗಿನ ದಪ್ಪ ಕೊಬ್ಬಿನ ಪದರವನ್ನು ಮಾತ್ರ ಕತ್ತರಿಸಿ ತೆಗೆದು, ಒಳಗಿನದನ್ನು ಹಾಗೇ ಬಿಡಿ.

ಮೊದಲ ಕೆಲಸ ಹುರಿಯುವುದು. ಮಾಂಸ ಕಂದಾಗಿ ಹುರಿದ ಪರಿಮಳ ಏಳುವುದಕ್ಕೆ ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಬೇಕು. ನೀರಿರುವ ಜಾಗ 100 ಡಿಗ್ರಿ ದಾಟುವುದಿಲ್ಲ. ಸ್ಲೋ ಕುಕ್ಕರ್ ಒಳಗೆ ಇಡೀ ದಿನ ನೀರೇ. ಅಲ್ಲಿ ಕಳೆದ ಹತ್ತು ಗಂಟೆ ಬಾಣಲೆಯ ಮೇಲಿನ ಐದು ನಿಮಿಷಕ್ಕೆ ಸಮವಲ್ಲ. ಬಾಣಲೆಯಲ್ಲೂ ಇದೇ ನೀರಿನ ಕಾಟ. ಕ್ಯೂಬುಗಳಾಗಿ ಕತ್ತರಿಸಿದ ಒಂದೂವರೆ ಕಿಲೊ ಮಾಂಸವನ್ನು ಒಟ್ಟಿಗೆ ಸುರಿದರೆ ಅದು ನೀರು ಬಿಡುತ್ತದೆ, ಆ ನೀರಿನಲ್ಲೇ ಬೇಯುತ್ತದೆ, ಬೂದುಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಒಳ್ಳೆಯ ಉಪಾಯವಿದೆ. ಮಾಂಸವನ್ನು ಮೊದಲೇ ಸಣ್ಣಗೆ ಕತ್ತರಿಸಬೇಡಿ. 4 ಸೆಂಟಿಮೀಟರ್ ದಪ್ಪದ ಅಗಲವಾದ ಮೂರು ನಾಲ್ಕು ಹೋಳುಗಳಾಗಿ ಕತ್ತರಿಸಿ, ಕಾಗದದ ಟವೆಲ್ಲಿನಿಂದ ಒತ್ತಿ ಪೂರ್ತಿ ತೇವ ತೆಗೆದು, ಉಪ್ಪು ಹಚ್ಚಿ. ದಪ್ಪ ತಳದ ಬಾಣಲೆಯಲ್ಲಿ 2 ದೊಡ್ಡ ಚಮಚ ಎಣ್ಣೆ ಹೊಗೆಯಾಡುವ ಹಂತಕ್ಕೆ ಬಂದಾಗ, ಒಂದು ಸಲಕ್ಕೆ ಎರಡೇ ಹೋಳು ಇಟ್ಟು, ಅಲುಗಾಡಿಸದೆ ಒಂದೊಂದು ಮಗ್ಗುಲು 4ರಿಂದ 5 ನಿಮಿಷ ಹುರಿಯಿರಿ. ಕಾಫಿಬೀಜದ ಬಣ್ಣ ಬರಬೇಕು. ತಿರುಗಿಸಲು ಹೋದಾಗ ತಳಕ್ಕೆ ಕಚ್ಚಿಕೊಂಡಿದ್ದರೆ ಇನ್ನೂ ಆಗಿಲ್ಲವೆಂದೇ ಅರ್ಥ, ಆದಾಗ ತಾನೇ ಬಿಟ್ಟುಕೊಡುತ್ತದೆ. ಹೊರತೆಗೆದು ಐದು ನಿಮಿಷ ಆರಿಸಿ, ಆಮೇಲೆ 3 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಎಲ್ಲ ತುಂಡಿನ ಎಲ್ಲ ಮಗ್ಗುಲೂ ಕಂದಾಗಬೇಕಿಲ್ಲ. ಎರಡು ಮಗ್ಗುಲು ಗಾಢವಾಗಿ ಹುರಿದಿದ್ದರೆ ಆ ಪರಿಮಳ ಇಡೀ ಪಾತ್ರೆಗೆ ಸಾಕು.

ಹಿಂದಿನ ರಾತ್ರಿಯೇ ಮಾಂಸ ಹುರಿದು ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಬೇಡ. ಹೊರಗೆ ಹುರಿದು ಒಳಗೆ ಹಸಿಯಾಗಿರುವ ಮಾಂಸ ಬ್ಯಾಕ್ಟೀರಿಯಾಗಳಿಗೆ ಹಿತವಾದ ಬೆಚ್ಚನೆಯ ಸ್ಥಿತಿಯನ್ನು ಎರಡೆರಡು ಸಲ ಹಾದುಬರುತ್ತದೆ. ರಾತ್ರಿ ಮಾಡಿಡಬಹುದಾದದ್ದು ಮೆಣಸಿನಕಾಯಿ ಪೇಸ್ಟ್ ಮತ್ತು ಹೆಚ್ಚಿದ ಈರುಳ್ಳಿ. ಮಾಂಸ ಹುರಿದದ್ದು ನೇರ ಕುಕ್ಕರ್‌ಗೇ ಹೋಗಬೇಕು.

ಮೆಣಸಿನಕಾಯಿಯ ವಿಷಯಕ್ಕೆ ಬಂದರೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಮೆರಿಕನ್ ಪಾಕವಿಧಾನಗಳಲ್ಲಿ 3 ದೊಡ್ಡ ಚಮಚ ಚಿಲಿ ಪೌಡರ್ ಎಂದು ಬರೆದಿದ್ದರೆ ಅದು ಬರೀ ಮೆಣಸಿನಕಾಯಿ ಪುಡಿಯಲ್ಲ. ಖಾರ ಕಡಿಮೆಯಿರುವ ಮೆಣಸಿನಕಾಯಿಯ ಜೊತೆಗೆ ಜೀರಿಗೆ, ಓರೆಗಾನೊ, ಬೆಳ್ಳುಳ್ಳಿ ಪುಡಿ, ಕೆಲವೊಮ್ಮೆ ಉಪ್ಪೂ ಸೇರಿದ ಮಿಶ್ರಣ ಅದು. ಅದೇ ಅಳತೆಯಲ್ಲಿ ಖಾರದ ಅಚ್ಚಮೆಣಸಿನಪುಡಿ ಹಾಕಿದರೆ ಬಾಯಿಗಿಡಲಾಗುವುದಿಲ್ಲ. ಮಿಶ್ರಣವನ್ನೇ ಬಳಸುವವರು ಡಬ್ಬಿಯ ಮೇಲಿನ ಪಟ್ಟಿ ಓದಿ, ಉಪ್ಪಿದ್ದರೆ ನಮ್ಮ ಉಪ್ಪಿನಲ್ಲಿ ಕಡಿಮೆ ಮಾಡಿಕೊಳ್ಳಬೇಕು.

ಇಡೀ ಮೆಣಸಿನಕಾಯಿಯಿಂದ ಮಾಡಿದ ಪೇಸ್ಟಿನ ಸ್ವಾದ ಬೇರೆಯೇ. ಹಣ್ಣಾದ ಪೊಬ್ಲಾನೊ ಒಣಗಿದರೆ ಆಂಚೊ. ಅಗಲ, ಸುಕ್ಕುಸುಕ್ಕು, ಕಪ್ಪುಗೆಂಪು, ಒಣದ್ರಾಕ್ಷಿಯನ್ನು ನೆನಪಿಸುವ ಸಿಹಿ, ಖಾರ ತೀರಾ ಕಡಿಮೆ. ಗ್ವಾಹೀಯೊ ಉದ್ದ, ನುಣುಪು, ತುಸು ಹುಳಿ, ಒಳ್ಳೆಯ ಕೆಂಪು. ಆರ್ಬೊಲ್ ಸಣ್ಣದು, ಖಾರ ಅದರದು. ಒಂದು ಮೈಗೆ, ಒಂದು ಬಣ್ಣಕ್ಕೆ, ಒಂದು ಉರಿಗೆ ಎಂದುಕೊಂಡರೆ ಬೇರೆ ಮೆಣಸಿನಕಾಯಿ ಬಳಸುವಾಗಲೂ ಲೆಕ್ಕ ತಪ್ಪುವುದಿಲ್ಲ. ತೊಟ್ಟು, ಬೀಜ ತೆಗೆದು ಒಣ ಬಾಣಲೆಯಲ್ಲಿ ಮಧ್ಯಮ ಉರಿಯ ಮೇಲೆ ಒಂದೊಂದು ಮಗ್ಗುಲು 20ರಿಂದ 30 ಸೆಕೆಂಡು ಬಿಸಿ ಮಾಡಿ. ಘಮ ಬಂದು, ಮೈ ಬಗ್ಗುವಂತಾದರೆ ಮುಗಿಯಿತು. ಕಪ್ಪು ಚುಕ್ಕೆ ಬಂದು ಗಂಟಲು ಕೆರೆಯುವ ಹೊಗೆ ಎದ್ದರೆ ಸೀದಿದೆ. ಆ ಕಾಯನ್ನು ಎಸೆದು ಹೊಸದು ತೆಗೆದುಕೊಳ್ಳಿ. ಇಲ್ಲಿ ಜಿಪುಣತನ ಬೇಡ. ಸೀದ ಒಂದು ಮೆಣಸಿನಕಾಯಿಯ ಕಹಿಯನ್ನು ಆಮೇಲೆ ಯಾವ ಸಕ್ಕರೆಯೂ ಪೂರ್ತಿ ಅಳಿಸಲಾರದು. ಬಿಸಿ ಮಾಡಿದ್ದನ್ನು ಕುದಿನೀರಿನಲ್ಲಿ 20 ನಿಮಿಷ ನೆನೆಹಾಕಿ, ನೀರು ಬಸಿದು, 200 ಮಿಲಿ ಸ್ಟಾಕ್ ಸೇರಿಸಿ ನುಣ್ಣಗೆ ರುಬ್ಬಿ. ನೆನೆದ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿಯಿಲ್ಲದಿದ್ದರೆ ಸ್ಟಾಕಿನ ಒಂದು ಪಾಲಿನ ಬದಲು ಬಳಸಬಹುದು. ಮಿಕ್ಸಿ ಎಷ್ಟೇ ತಿರುಗಿದರೂ ಸಿಪ್ಪೆಯ ಚೂರು ಉಳಿಯುವುದುಂಟು. ಆಗ ಜಾಲರಿಯಲ್ಲಿ ಒಮ್ಮೆ ಸೋಸುವುದು ಮೇಲು.

ಮಾಂಸ ಹುರಿದ ಅದೇ ಬಾಣಲೆಯನ್ನು ತೊಳೆಯದೆ, ಉರಿ ತಗ್ಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಹೊಂಬಣ್ಣ ಬರುವವರೆಗೆ 8ರಿಂದ 10 ನಿಮಿಷ ಬಾಡಿಸಿ. ಹಸಿ ಈರುಳ್ಳಿ ಸ್ಲೋ ಕುಕ್ಕರ್‌ನಲ್ಲಿ ಮೆತ್ತಗಾಗುತ್ತದೆ, ಆದರೆ ಅದರ ಗಂಧಕದ ವಾಸನೆಗೆ ಹೊರಹೋಗಲು ದಾರಿಯಿಲ್ಲ. ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ. ಟೊಮೇಟೊ ಪೇಸ್ಟ್ ಹಾಕಿ ಇಟ್ಟಿಗೆಯ ಬಣ್ಣಕ್ಕೆ ತಿರುಗುವವರೆಗೆ ಎರಡು ನಿಮಿಷ, ಜಜ್ಜಿದ ಬೆಳ್ಳುಳ್ಳಿ ಅರ್ಧ ನಿಮಿಷ. ಹುರಿದು ಪುಡಿ ಮಾಡಿದ ಜೀರಿಗೆ, ಓರೆಗಾನೊ, ಮೆಣಸಿನಕಾಯಿ ಪೇಸ್ಟ್ ಸೇರಿಸಿ ಅಂಚಿನಲ್ಲಿ ಕೆಂಪು ಎಣ್ಣೆ ಬಿಡುವವರೆಗೆ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಮೆಣಸಿನಕಾಯಿಯ ಖಾರವೂ ಕೆಂಬಣ್ಣವೂ ಎಣ್ಣೆಯಲ್ಲಿ ಕರಗುವಂಥವು, ನೀರಿನಲ್ಲಿ ಅಲ್ಲ. ಕೊಬ್ಬಿನಲ್ಲಿ ಬೆರೆತು ಕುಕ್ಕರ್‌ಗೆ ಹೋದರೆ ಸ್ವಾದ ಎಲ್ಲ ಕಡೆ ಹರಡುತ್ತದೆ. ಓರೆಗಾನೊ ಕೂಡ ಮೆಕ್ಸಿಕನ್ನೇ ಆದರೆ ಒಳ್ಳೆಯದು. ಮೆಡಿಟರೇನಿಯನ್ ಓರೆಗಾನೊ ಪುದೀನದ ಕುಟುಂಬದ ಗಿಡ, ಮೆಕ್ಸಿಕನ್ನಿನದು ಬೇರೆಯೇ ಕುಟುಂಬ; ಅದರ ವಾಸನೆಯಲ್ಲಿ ನಿಂಬೆಯ ಎಳೆ ಇದೆ, ಮೆಣಸಿನಕಾಯಿಗೆ ಹೊಂದುತ್ತದೆ. ಕೊನೆಗೆ ಉಳಿದ 150 ಮಿಲಿ ಸ್ಟಾಕ್ ಹಾಕಿ, ಮರದ ಸೌಟಿನಿಂದ ತಳಕ್ಕೆ ಹಿಡಿದ ಕಂದು ಪದರವನ್ನೆಲ್ಲ ಕೆರೆದು ಕರಗಿಸಿ. ಆ ಪದರದಲ್ಲೇ ಹುರಿದ ಮಾಂಸದ ಸಾರವಿದೆ. ಅದನ್ನು ತೊಳೆಯುವ ತೊಟ್ಟಿಗೆ ಬಿಡುವುದೆಂದರೆ ಅಷ್ಟೂ ಹೊತ್ತು ಹುರಿದ ಶ್ರಮವನ್ನೇ ಚೆಲ್ಲಿದಂತೆ.

ಎಲ್ಲವನ್ನೂ ಬಿಸಿಬಿಸಿಯಾಗಿಯೇ ಕುಕ್ಕರ್‌ಗೆ ಹಾಕಿ, ಡಬ್ಬಿ ಟೊಮೇಟೊ ಸೇರಿಸಿ. ಮಾಂಸ ಅರ್ಧ ಮುಳುಗಿ ಅರ್ಧ ಮೇಲೆ ಕಾಣುತ್ತದೆ. ಇಲ್ಲಿಯೇ ಹಲವರು ಕೈ ತಡೆಯದೆ ಇನ್ನೊಂದು ಲೋಟ ನೀರು ಸುರಿದುಬಿಡುತ್ತಾರೆ. ಎರಡನೆಯ ಕೆಲಸ, ಅಂದರೆ ನೀರು ಇಂಗಿಸುವುದು, ಈ ಪಾತ್ರೆಗೆ ಬಾರದೆಂದು ಮರೆತದ್ದರ ಫಲ ಅದು. ಒಲೆಯ ಮೇಲಿನ ತೆರೆದ ಪಾತ್ರೆಯಿಂದ ಮೂರು ಗಂಟೆಯಲ್ಲಿ ಬಹಳಷ್ಟು ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಒಂದು ಹನಿಯೂ ಹೋಗುವುದಿಲ್ಲವೆಂದೇ ಇಟ್ಟುಕೊಳ್ಳಿ. ಮೇಲಾಗಿ ಮಾಂಸ ತನ್ನ ತೂಕದ ಕಾಲು ಭಾಗದಷ್ಟು ರಸ ಬಿಡುತ್ತದೆ. ಎರಡು ಗಂಟೆ ಕಳೆಯುವ ಹೊತ್ತಿಗೆ ಅದು ತಾನಾಗಿಯೇ ಮುಳುಗಿರುತ್ತದೆ. ಒಲೆಗೆಂದು ಬರೆದ ಯಾವ ಪಾಕವನ್ನೂ ಸ್ಲೋ ಕುಕ್ಕರ್‌ಗೆ ತರುವಾಗ ದ್ರವವನ್ನು ಅರ್ಧಕ್ಕಿಳಿಸುವುದೇ ಸುರಕ್ಷಿತ. ಕಡಿಮೆಯಾದರೆ ಕೊನೆಗೆ ಹಾಕಬಹುದು, ಹೆಚ್ಚಾದದ್ದನ್ನು ತೆಗೆಯುವುದು ಕಷ್ಟ.

ಲೋ ಮೇಲೆ 8 ಗಂಟೆ, ಹೈ ಮೇಲೆ 4ರಿಂದ 5. ಹೈ ಎಂದರೆ ಹೆಚ್ಚು ಬಿಸಿ ಎಂದು ಭಾವಿಸುವವರು ಹಲವರು. ಬಹುತೇಕ ಕುಕ್ಕರ್‌ಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಬಿಂದುವಿನ ಹತ್ತಿರದ ಒಂದೇ ಮಟ್ಟ. ಹೈ ಬೇಗ ತಲುಪುತ್ತದೆ, ಲೋ ತಡವಾಗಿ, ವ್ಯತ್ಯಾಸ ಅಷ್ಟೇ. ಚಿಲಿಗೆ ಲೋ ಉತ್ತಮ, ಏಕೆಂದರೆ ಕೊಲಾಜನ್ ಕರಗಲು ಬೇಕಾದದ್ದು ಹೊತ್ತು. ಮುಚ್ಚಳ ತೆಗೆದು ನೋಡುವ ಆಸೆಯನ್ನು ಅದುಮಿಟ್ಟುಕೊಳ್ಳಿ. ಒಂದು ಸಲ ತೆಗೆದರೆ ಸೇರಿಕೊಂಡ ಶಾಖ ಹಾರಿ, ಬೇಯುವ ಹೊತ್ತು 15ರಿಂದ 30 ನಿಮಿಷ ಹೆಚ್ಚುತ್ತದೆ. 7 ಗಂಟೆ ಬೆಂದ ಮೇಲೆ ಒಂದು ತುಂಡಿಗೆ ಫೋರ್ಕ್ ಚುಚ್ಚಿ ತಿರುಗಿಸಿ. ಬಿಡಿಸಿಕೊಳ್ಳಲು ಮೊಂಡಾಟ ಮಾಡಿದರೆ ಇನ್ನೂ ಬೆಂದಿಲ್ಲ, ಮತ್ತೊಂದು ಗಂಟೆ ಕೊಡಿ. ತುಂಡು ಆಕಾರ ಉಳಿಸಿಕೊಂಡೂ ಮೆಲ್ಲನೆ ಒತ್ತಿದರೆ ಬಿಚ್ಚಿಕೊಳ್ಳಬೇಕು. ಮುಟ್ಟಿದ ಕೂಡಲೇ ದಾರದಾರವಾಗಿ ಉದುರಿದರೆ ಹೊತ್ತು ಮೀರಿದೆ. ಗಟ್ಟಿಯಾಗಿದೆ ಎಂದು ಕಂಡ ಮಾಂಸ ಹೆಚ್ಚು ಬೆಂದದ್ದರಿಂದ ಹಾಗಾಗಿದೆ ಎಂದುಕೊಂಡು ಕುಕ್ಕರ್ ಆರಿಸಿಬಿಡುವುದು ಸಾಮಾನ್ಯವಾದ ತಪ್ಪು. ಚಕ್‌ನ ವಿಷಯದಲ್ಲಿ ಗಟ್ಟಿತನ ಹೆಚ್ಚುಕಡಿಮೆ ಯಾವಾಗಲೂ ಹೊತ್ತು ಸಾಲದ್ದರ ಗುರುತು.

ಕುಕ್ಕರ್ ಹಳೆಯದಾಗಿ ಅದರ ಶಾಖದ ಮೇಲೆ ಅನುಮಾನವಿದ್ದರೆ ಪರೀಕ್ಷೆ ಸುಲಭ. ಅರ್ಧದಿಂದ ಮುಕ್ಕಾಲರ ನಡುವೆ ನೀರು ತುಂಬಿ, ಲೋ ಮೇಲೆ 8 ಗಂಟೆ ಮುಚ್ಚಿಟ್ಟು, ಮುಚ್ಚಳ ತೆಗೆದ ತಕ್ಷಣ ಥರ್ಮಾಮೀಟರ್ ಅದ್ದಿ. 85ರಿಂದ 93 ಡಿಗ್ರಿ ತೋರಿಸಬೇಕು. ಅದಕ್ಕಿಂತ ಕಡಿಮೆಯಾದರೆ ಆ ಪಾತ್ರೆಯಲ್ಲಿ ಮಾಂಸ ಬೇಯಿಸಬೇಡಿ. ಫ್ರೀಜರ್‌ನಿಂದ ತೆಗೆದ ಹೆಪ್ಪುಗಟ್ಟಿದ ಮಾಂಸವನ್ನೂ ಹಾಗೇ ಹಾಕಬಾರದು. 4ರಿಂದ 60 ಡಿಗ್ರಿಯ ನಡುವೆ ಅದು ಗಂಟೆಗಟ್ಟಲೆ ಉಳಿದುಬಿಡುತ್ತದೆ. ಮನೆಯಲ್ಲಿಲ್ಲದಾಗ ಕರೆಂಟು ಹೋಗಿ ಬಂದಿದೆ, ಎಷ್ಟು ಹೊತ್ತು ಎಂದು ತಿಳಿಯದು ಎಂದಾದರೆ, ಚಿಲಿ ನೋಡಲು ಬೆಂದಂತೆಯೇ ಕಂಡರೂ ಚೆಲ್ಲಬೇಕು. ಮನಸ್ಸು ಒಪ್ಪುವುದಿಲ್ಲ, ಆದರೂ ಚೆಲ್ಲಬೇಕು.

ಈಗ ಮೂರನೆಯ ಕೆಲಸ, ಕುದಿಸುವುದು. ಇದು ರುಚಿಯ ಮಾತಲ್ಲ, ಆರೋಗ್ಯದ ಮಾತು. ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಹಸಿಯಾಗಿ ನಾಲ್ಕೈದು ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ, ಆಮೇಲೆ ಭೇದಿ. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಆದರೆ ಕುದಿಯದೆ 80 ಡಿಗ್ರಿಯ ಆಸುಪಾಸಿನಲ್ಲಿ ಬಿಸಿಯಾದ ಕಾಳು ಹಸಿ ಕಾಳಿಗಿಂತಲೂ ಹಲವು ಪಟ್ಟು ಹೆಚ್ಚು ವಿಷಕಾರಿ ಆಗಬಹುದು. ಸ್ಲೋ ಕುಕ್ಕರ್‌ನ ಒಳಗೆ, ಅದರಲ್ಲೂ ಲೋ ಮೇಲೆ, ಕಾಳು ಗಂಟೆಗಟ್ಟಲೆ ಕಳೆಯುವುದು ಇಂಥದೇ ಬಿಸಿಯಲ್ಲಿ. ಕಾಳು ಮೆತ್ತಗಾಗಿದೆ ಎಂಬುದು ವಿಷ ಹೋಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಣ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಿ ಎಂದು ಹೇಳುವ ಯಾವ ಪಾಕವನ್ನೂ ನಂಬಬೇಡಿ.

ಒಣ ಕಾಳೇ ಬಳಸುವುದಾದರೆ 250 ಗ್ರಾಂ ತೆಗೆದುಕೊಂಡು, ಲೀಟರಿಗೆ 15 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಕನಿಷ್ಠ 5 ಗಂಟೆಯಾದರೂ ನೆನೆಯಬೇಕು. ಉಪ್ಪುನೀರು ಸಿಪ್ಪೆಯನ್ನು ಮೆದು ಮಾಡುತ್ತದೆ, ಕಾಳು ಒಡೆಯುವುದು ಕಡಿಮೆಯಾಗುತ್ತದೆ. ಆ ನೀರನ್ನು ಚೆಲ್ಲಿ, ಕಾಳು ತೊಳೆದು, ಹೊಸ ನೀರಿನಲ್ಲಿ ಒಲೆಯ ಮೇಲೆ 30 ನಿಮಿಷ ಕೊತಕೊತ ಕುದಿಸಿ. 10 ನಿಮಿಷದ ನಿಜವಾದ ಕುದಿತವೇ ಸಾಕಾಗುತ್ತದೆ. 30 ಎನ್ನುವುದು ಪ್ರತಿ ಕಾಳಿನ ನಡುವಿನವರೆಗೂ ಆ ಬಿಸಿ ತಲುಪಲಿ ಎಂದು. ಆಮೇಲೆ ಉರಿ ತಗ್ಗಿಸಿ ಪೂರ್ತಿ ಮೆತ್ತಗಾಗುವವರೆಗೆ ಅಲ್ಲೇ ಬೇಯಿಸಿ. ನೆನೆದ ಕಾಳನ್ನು ಪ್ರೆಶರ್ ಕುಕ್ಕರ್‌ನಲ್ಲಿ ಬೇಯಿಸಿದರೂ ಆದೀತು, ಅಲ್ಲಿ ಬಿಸಿ 100 ಡಿಗ್ರಿ ದಾಟುತ್ತದೆ. ಮುಕ್ಕಾಲು ಬೆಂದದ್ದನ್ನು ಚಿಲಿಗೆ ಹಾಕಿ ಉಳಿದದ್ದು ಅಲ್ಲೇ ಬೇಯಲಿ ಎಂದರೆ ಬೇಯುವುದಿಲ್ಲ. ಟೊಮೇಟೊದ ಹುಳಿ ಕಾಳಿನ ಗೋಡೆಯಲ್ಲಿರುವ ಪೆಕ್ಟಿನ್ ಕರಗಲು ಬಿಡುವುದಿಲ್ಲ. ಡಬ್ಬಿ ಟೊಮೇಟೊಗೆ ಹಲವು ಬಾರಿ ಸೇರಿಸಿರುವ ಕ್ಯಾಲ್ಸಿಯಂ ಕ್ಲೋರೈಡ್ ಆ ಗೋಡೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹತ್ತು ಗಂಟೆಯಾದರೂ ಕಾಳು ಹಲ್ಲಿಗೆ ಕಟಕ್ ಎನ್ನುವುದು ಈ ಕಾರಣಕ್ಕೆ.

ಡಬ್ಬಿಯ ಕಾಳು ಈಗಾಗಲೇ ಹೆಚ್ಚಿನ ಶಾಖದಲ್ಲಿ ಬೆಂದದ್ದು, ಭಯವಿಲ್ಲ. ತೊಳೆದು ಬಸಿದು ಕೊನೆಯ ಮುಕ್ಕಾಲು ಗಂಟೆಗೆ ಹಾಕಿ. ಬೆಳಿಗ್ಗೆಯೇ ಹಾಕಿದರೆ ಸಂಜೆಗೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ.

ಕಾಳು ಹಾಕಿದ ಮೇಲೆ ಮೇಲ್ಭಾಗದಲ್ಲಿ ನಿಂತ ಕೊಬ್ಬನ್ನು ಸೌಟಿನಿಂದ ತೆಗೆಯಿರಿ. ಪೂರ್ತಿ ತೆಗೆಯಬೇಡಿ, ಸ್ವಾದ ಅದರಲ್ಲೂ ಇದೆ. ತೆಳ್ಳನೆಯ ಕೆಂಪು ಪದರ ಉಳಿಯಲಿ. ಆಮೇಲೆ ಮಾಸಾ ಹರೀನಾ. ಇದು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು. ಸಾಮಾನ್ಯ ಕಾರ್ನ್‌ಫ್ಲೋರ್ ರಸವನ್ನು ಗಟ್ಟಿ ಮಾಡೀತು, ಆದರೆ ಲೋಳೆಯಾದ ಹೊಳಪು ಕೊಡುತ್ತದೆ, ಸ್ವಾದ ಏನೂ ಇಲ್ಲ. ಮಾಸಾಗೆ ತನ್ನದೇ ಆದ ಸುಟ್ಟ ಜೋಳದಂಥ ಘಮವಿದೆ. 2 ದೊಡ್ಡ ಚಮಚವನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಹೈ ಮೇಲೆ ಇಟ್ಟು, ಸುರಿದು ಕಲಕಿ, 30 ನಿಮಿಷ ಬಿಡಿ. ಅಷ್ಟು ಹೊತ್ತು ಕೊಡದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ಒಣ ಹಿಟ್ಟನ್ನೇ ಬಿಸಿ ರಸಕ್ಕೆ ಉದುರಿಸಿದರೆ ಗಂಟು ಖಂಡಿತ. ಇಷ್ಟಾದರೂ ರಸ ತೆಳ್ಳಗಿದ್ದರೆ ಹಿಟ್ಟು ಹೆಚ್ಚಿಸುತ್ತ ಹೋಗಬೇಡಿ. ನಾಲ್ಕೈದು ಸೌಟು ರಸವನ್ನು ಅಗಲ ಬಾಣಲೆಗೆ ತೆಗೆದುಕೊಂಡು ಜೋರು ಉರಿಯಲ್ಲಿ ಅರ್ಧಕ್ಕಿಳಿಯುವವರೆಗೆ ಕುದಿಸಿ ಮತ್ತೆ ಸುರಿಯಿರಿ. ಹತ್ತು ನಿಮಿಷದ ಕೆಲಸ, ಗಟ್ಟಿಯೂ ಆಗುತ್ತದೆ, ಸ್ವಾದವೂ ಗಾಢವಾಗುತ್ತದೆ.

ಉಪ್ಪು ಸರಿಪಡಿಸಬೇಕಾದದ್ದು ಈಗ. ರುಚಿ ನೋಡಿ ಸಪ್ಪೆ ಎನಿಸಿದರೆ ಮೊದಲು ಅರ್ಧ ಚಮಚ ಉಪ್ಪು, ಮತ್ತೆ ನೋಡಿ. ಉಪ್ಪು ಸರಿಯಿದ್ದೂ ಭಾರವಾಗಿ, ಮಬ್ಬಾಗಿ ಎನಿಸಿದರೆ ಬೇಕಿರುವುದು ಹುಳಿ. ಒಂದು ದೊಡ್ಡ ಚಮಚ ವಿನೆಗರ್ ಬೀಳುತ್ತಲೇ ಮೆಣಸಿನಕಾಯಿಯ ಒಂದೊಂದು ಸ್ವಾದವೂ ಬೇರೆಬೇರೆಯಾಗಿ ಕೇಳಿಸತೊಡಗುತ್ತದೆ. ಬೆಳಿಗ್ಗೆಯೇ ಹಾಕಿದ ಹುಳಿ ಇದನ್ನು ಮಾಡುವುದಿಲ್ಲ. ಸ್ವಲ್ಪ ಕಹಿಯಿದ್ದರೆ ಒಂದು ಸಣ್ಣ ಚಮಚ ಕಂದು ಸಕ್ಕರೆ. ಚಾಕೊಲೇಟ್, ಕಾಫಿ, ಬಿಯರ್ ಹಾಕುವ ಪದ್ಧತಿಯೂ ಇದೆ. ಹಾಕುವುದು ತಪ್ಪಲ್ಲ, ಆದರೆ ಮಾಂಸವನ್ನು ಸರಿಯಾಗಿ ಹುರಿದು, ಮೆಣಸಿನಕಾಯಿ ಸೀಯದಂತೆ ನೋಡಿಕೊಂಡ ಪಾತ್ರೆಯಲ್ಲಿ ಅವುಗಳ ಅಗತ್ಯ ನನಗೆ ಕಂಡಿಲ್ಲ. ಹುಳಿ ಕ್ರೀಮ್, ಚೀಸ್ ಬಟ್ಟಲಿಗೆ ಬಡಿಸಿದ ಮೇಲೆ. ಪಾತ್ರೆಗೆ ಹಾಕಿ ಬಿಸಿ ಮಾಡಿದರೆ ಕ್ರೀಮ್ ಒಡೆಯುತ್ತದೆ.

ತುಂಡುಗಳ ಬದಲು ಕೈಮಾ ಬಳಸುವವರಿಗೆ ಎರಡು ಮಾತು. ಕೈಮಾದಲ್ಲಿ ಕೊಲಾಜನ್ ಆಗಲೇ ಚೂರುಚೂರಾಗಿರುವುದರಿಂದ ಎಂಟು ಗಂಟೆ ಬೇಕಿಲ್ಲ. ಲೋ ಮೇಲೆ 4ರಿಂದ 6 ಗಂಟೆ ಸಾಕು. ಅದಕ್ಕಿಂತ ಹೆಚ್ಚಾದರೆ ಮರಳಿನಂತೆ ತರಿತರಿಯಾಗುತ್ತದೆ. ಹಸಿ ಕೈಮಾವನ್ನು ಕುಕ್ಕರ್‌ಗೆ ಹಾಕಿದರೆ ಗಡ್ಡೆಕಟ್ಟಿ, ಬಿಟ್ಟ ಕೊಬ್ಬೆಲ್ಲ ಮೇಲೆ ಬಂದು ನಿಲ್ಲುತ್ತದೆ. ಬಾಣಲೆಯಲ್ಲಿ ದಪ್ಪ ಬಿಲ್ಲೆಯಂತೆ ಒತ್ತಿ, ಒಂದು ಮಗ್ಗುಲನ್ನು ಕಲಕದೆ ಗಾಢವಾಗಿ ಹುರಿದು, ಆಮೇಲೆ ಒಡೆದು ಕೆಂಪು ಮಾಯವಾಗುವವರೆಗೆ ಬೇಯಿಸಿ, ಕೊಬ್ಬು ಬಸಿದು ಹಾಕಿ.

ಚಿಲಿ ಮರುದಿನಕ್ಕೆ ಹೆಚ್ಚು ರುಚಿ ಎನ್ನುವುದು ಬರೀ ಹೇಳಿಕೆಯಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಜೆಲಟಿನ್ ಬಿಗಿದು ರಸ ದಪ್ಪವಾಗುತ್ತದೆ, ಕಾಳು ಒಳಗಿನವರೆಗೂ ಉಪ್ಪುಖಾರ ಎಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಿಂದ ಎತ್ತಿ ತೆಗೆಯುವುದೂ ಸುಲಭ. ಆದರೆ ಕುಕ್ಕರ್‌ನ ಪಿಂಗಾಣಿ ಪಾತ್ರೆಯನ್ನೇ ಎತ್ತಿ ಫ್ರಿಜ್‌ಗೆ ಇಡಬೇಡಿ. ಅದರ ದಪ್ಪ ಗೋಡೆ ಶಾಖ ಹಿಡಿದಿಟ್ಟು ಒಳಗಿನದು ಆರಲು ಬಿಡುವುದಿಲ್ಲ, ಮತ್ತು ತಣ್ಣಗಾದ ಪಿಂಗಾಣಿಯನ್ನು ಬಿಸಿ ತಳದ ಮೇಲಿಟ್ಟರೆ ಬಿರುಕು ಬಿಡಬಹುದು. ಆಳ ಕಡಿಮೆಯಿರುವ ಅಗಲ ಡಬ್ಬಿಗಳಿಗೆ ಹಂಚಿ, ಕುಕ್ಕರ್ ಆರಿಸಿದ 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಅಲ್ಲಿ 3ರಿಂದ 4 ದಿನ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ನಡುಭಾಗ 74 ಡಿಗ್ರಿ ಮುಟ್ಟುವವರೆಗೆ. ಸ್ಲೋ ಕುಕ್ಕರ್ ತಣ್ಣಗಿನ ಅಡುಗೆಯನ್ನು ಆ ಮಟ್ಟಕ್ಕೆ ಏರಿಸಲು ತೀರಾ ಹೊತ್ತು ತೆಗೆದುಕೊಳ್ಳುತ್ತದೆ. ಒಲೆಯ ಮೇಲೆ ಬಿಸಿಯಾದದ್ದನ್ನು ಬಡಿಸುವವರೆಗೆ ಬೆಚ್ಚಗಿಡಲು ಮಾತ್ರ ಅದನ್ನು ಬಳಸಿ. ಬಿಸಿ ಮಾಡುವಾಗ ತಳ ಹಿಡಿಯುವಷ್ಟು ಗಟ್ಟಿಯಾಗಿದ್ದರೆ ಕಾಲು ಲೋಟ ನೀರು ಸೇರಿಸಿ, ಇಳಿಸುವ ಮುಂಚೆ ಇನ್ನೊಂದು ಸಲ ಉಪ್ಪು ಹುಳಿ ನೋಡಿ; ಒಂದು ರಾತ್ರಿ ಕಳೆದ ಚಿಲಿಗೆ ಎರಡೂ ಚೂರು ಹೆಚ್ಚಿಗೆ ಬೇಕಾಗುತ್ತವೆ.